ತಪ್ಪನ್ನೆಲ್ಲ ಸೂಜಿಯ ಮೇಲೆ ಹೊರಿಸುವ ಮುನ್ನ

ಲಸಿಕೆ ಹಾಕಿಸಿಕೊಂಡರೆ ಶ್ವಾಸಕೋಶಕ್ಕೆ ಉರಿಯೂತ ಬರುತ್ತದೆ, ಡಾಕ್ಟರುಗಳು ಅದನ್ನು ಮುಚ್ಚಿಡುತ್ತಾರೆ ಎಂದು ಶೆಟ್ಟಿಕೆರೆ ಸುತ್ತಮುತ್ತ ಹೇಳುತ್ತಿರುವವರಿಗೆ ಈ ಉತ್ತರ.

ಬರುವುದುಂಟು, ತೀರಾ ಅಪರೂಪಕ್ಕೆ. ಆದರೆ ಮುಚ್ಚಿಟ್ಟವರು ಯಾರು? ಜಪಾನಿನಲ್ಲಿ ಫ್ಲೂ ಲಸಿಕೆಯ ಮಾಹಿತಿ ಪತ್ರದಲ್ಲೇ ಇದನ್ನು ಗಂಭೀರ ಅಡ್ಡಪರಿಣಾಮ ಎಂದು ಅಚ್ಚು ಹಾಕಿದ್ದಾರೆ. ಒಬ್ಬ ರೋಗಿ ಸಿಕ್ಕರೆ ಸಾಕು, ವೈದ್ಯರು ಅದನ್ನೇ ಲೇಖನವಾಗಿ ಪ್ರಕಟಿಸುತ್ತಾರೆ. ಇನ್ನೂ ಕಹಿಯಾದ ಸಂಗತಿಯೂ ದಾಖಲಾಗಿದೆ. 1966ರ ಸುಮಾರಿಗೆ ಅಮೆರಿಕದಲ್ಲಿ ಆರ್‌ಎಸ್‌ವಿ ಎಂಬ ಉಸಿರಾಟದ ವೈರಸ್ ವಿರುದ್ಧ ಕೂಸುಗಳಿಗೆ ಕೊಟ್ಟು ನೋಡಿದ ಲಸಿಕೆ ಕಾಪಾಡಲಿಲ್ಲ. ಆಮೇಲೆ ಸೋಂಕು ತಗುಲಿದಾಗ ಶ್ವಾಸಕೋಶದ ಉರಿಯೂತ ಉಲ್ಬಣಿಸಿತು, ಎರಡು ಮಕ್ಕಳು ತೀರಿಕೊಂಡವು. ಆ ಲಸಿಕೆಯನ್ನು ಅಲ್ಲಿಗೇ ಕೈಬಿಟ್ಟರು. ಬೇರೆ ಬಗೆಯ ಆರ್‌ಎಸ್‌ವಿ ಲಸಿಕೆಗೆ ಅಲ್ಲಿ ಅನುಮತಿ ಸಿಕ್ಕಿದ್ದು 2023ರಲ್ಲಿ.

'ಸೂಜಿ ಹಾಕಿದ ಮೇಲೇ ದಮ್ಮು ಶುರುವಾಯಿತು, ಇನ್ನೇನು ಸಾಕ್ಷಿ ಬೇಕು?' ಎನ್ನುತ್ತೀರಿ. ದಮ್ಮಿಗೆ ಬೇರೆ ಕಾರಣಗಳೂ ಉಂಟು. ನಮ್ಮಲ್ಲಿ ತೆಂಗಿನಕಾಯಿ ವರ್ಷದ ಹತ್ತಿರ ಅಟ್ಟದಲ್ಲಿ ಕೂತು ಉಂಡೆ ಕೊಬ್ಬರಿಯಾಗುತ್ತದೆ. ಇಳಿಸಿ ಸುಲಿಯುವ ದಿನ ಮನೆಯೆಲ್ಲ ದೂಳು, ಬೂಷ್ಟು. ಬೂಷ್ಟು ಹಿಡಿದ ಹುಲ್ಲಿನ ದೂಳು, ಪಾರಿವಾಳದ ಹಿಕ್ಕೆ, ಸಂಧಿವಾತಕ್ಕೆ ಕೊಡುವ ಮೆಥೊಟ್ರೆಕ್ಸೇಟ್, ಎದೆಬಡಿತ ಸರಿಪಡಿಸುವ ಅಮಿಯೊಡರೋನ್, ಕೋವಿಡ್ ಸೋಂಕು, ಇವೆಲ್ಲ ಶ್ವಾಸಕೋಶಕ್ಕೆ ಉರಿಯೂತ ತರಬಲ್ಲವು. ಸ್ಕ್ಯಾನ್‌ನಲ್ಲಿ ಬಹಳಷ್ಟು ಸಲ ಒಂದೇ ಥರ ಕಾಣುತ್ತವೆ. ಅಟ್ಟ, ಮಾತ್ರೆ, ಸೋಂಕು ಎಲ್ಲವನ್ನೂ ವಿಚಾರಿಸದೆ ಸೂಜಿಯ ಮೇಲೆ ಹೊರಿಸಿದರೆ ನಿಜವಾದ ಕಾರಣ ಮನೆಯಲ್ಲೇ ಉಳಿಯುತ್ತದೆ, ರೋಗಿ ಮತ್ತೆ ಅದೇ ದೂಳಿಗೆ ಮರಳುತ್ತಾನೆ.

ಲಸಿಕೆಯೇ ಕಾರಣ ಎನ್ನಲು ಪಕ್ಕದ ಹಾಸನದ ಸರಣಿ ಹೃದಯಾಘಾತಗಳನ್ನು ಎತ್ತಬೇಡಿ. 2025ರಲ್ಲಿ ಮುಖ್ಯಮಂತ್ರಿಗಳೇ ಲಸಿಕೆಯ ಬಗ್ಗೆ ಸಂಶಯ ಎತ್ತಿದ್ದರು. ಜಯದೇವ ಸಂಸ್ಥೆಯ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಕೋವಿಡ್ ಲಸಿಕೆಗೂ ಅಕಾಲಿಕ ಹೃದ್ರೋಗಕ್ಕೂ ಸಂಬಂಧ ಕಾಣಲಿಲ್ಲ ಎಂದು ವರದಿ ಕೊಟ್ಟಿತು.

ಲಸಿಕೆಯ ಪರ ಇರುವ ಕೆಲವರ ಮಾತನ್ನೂ ನಾನು ಒಪ್ಪುವುದಿಲ್ಲ. 'ಇದನ್ನೆಲ್ಲ ಹೇಳಿದರೆ ಜನ ಹೆದರುತ್ತಾರೆ, ಸುಮ್ಮನಿರಿ' ಎನ್ನುತ್ತಾರೆ. ಸುಮ್ಮನಿದ್ದರೆ ಅಪಾಯ ಇರುವುದು ಆ ಅಪರೂಪದ ಒಬ್ಬರಿಗೇ. ಲಸಿಕೆಯಾದ ಕೆಲ ದಿನಗಳಲ್ಲಿ ಒಣಕೆಮ್ಮು, ಜ್ವರ ಬಂದು, ನಾಲ್ಕು ಹೆಜ್ಜೆಗೆ ಏದುಸಿರು ಬಿಡುವವರು ಕಷಾಯ ಕುಡಿದು ಕಾಯಬಾರದು. ಆಸ್ಪತ್ರೆಗೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕಿಸಬೇಕು, ಯಾವ ಲಸಿಕೆ, ಯಾವ ದಿನ ಎಂದು ಮೊದಲೇ ಹೇಳಬೇಕು. ಬೇಗ ಗುರುತಿಸಿ ಸ್ಟೀರಾಯ್ಡ್ ಕೊಟ್ಟರೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆಶಾ ಕಾರ್ಯಕರ್ತೆಗೂ ತಿಳಿಸಿ, ಅಡ್ಡಪರಿಣಾಮದ ವರದಿ ಜಿಲ್ಲೆಗೆ ಹೋಗಬೇಕು. ಒಮ್ಮೆ ಹೀಗಾದವರು ಮುಂದಿನ ಡೋಸಿಗೆ ಮುನ್ನ ಶ್ವಾಸಕೋಶದ ಡಾಕ್ಟರನ್ನು ಕೇಳಲೇಬೇಕು.