ಕುರ್ಚಿ ನಿಂತರೆ ಮೊದಲು ತಂತಿಯನ್ನು ನೋಡಿ

ಪ್ರಿಯ ಶಿಷ್ಯರೇ, ಬಂಧುಗಳೇ,

ನಮ್ಮ ಮನೆಗಳಲ್ಲಿ ಹಳೆಯ ಕ್ಯಾನ್ವಾಸಿನ ಆರಾಮ ಕುರ್ಚಿ ಇದ್ದ ಜಾಗದಲ್ಲಿ ಈಗ ವಿದ್ಯುತ್ತಿನಿಂದ ನಡೆಯುವ ರಿಕ್ಲೈನರ್ ಬಂದು ಕುಳಿತಿದೆ. ಪರವೂರುಗಳಲ್ಲಿರುವ ಮಕ್ಕಳು ತಂದೆತಾಯಿಗಳಿಗೆ ಪ್ರೀತಿಯಿಂದ ಕೊಡಿಸಿದ್ದು. ಮಂಡಿನೋವಿನವರಿಗೂ ಬೆನ್ನು ಬಾಗದವರಿಗೂ ಇದರಿಂದ ಆಗುವ ಉಪಕಾರ ದೊಡ್ಡದು. ಆದರೆ ಅದರ ಜೊತೆಯಲ್ಲೇ ಮನೆಯೊಳಗೆ ಬಂದ ಒಂದು ಮನೋಭಾವವನ್ನು ಮಾತ್ರ ನಾನು ಒಪ್ಪಲಾರೆ. ಕುರ್ಚಿ ನಿಂತೊಡನೆ "ನೀವು ಮುಟ್ಟಬೇಡಿ, ಸರ್ವೀಸಿನವನು ಬರಲಿ" ಎಂದು ಮಕ್ಕಳು ಫೋನಿನಲ್ಲಿ ಹೇಳುತ್ತಾರೆ. ಸರ್ವೀಸಿನವನು ಬಂದು "ಮೋಟಾರು ಹೋಗಿದೆ, ಪೂರ್ತಿ ಬದಲಿಸಬೇಕು" ಎನ್ನುತ್ತಾನೆ. ಈ ಎರಡು ಮಾತುಗಳ ನಡುವೆ ಕುರ್ಚಿಯಲ್ಲಿ ಕುಳಿತವರ ವಿವೇಕಕ್ಕೆ ಎಡೆಯೇ ಇಲ್ಲ.

ಅಷ್ಟಕ್ಕೂ ಆ ಯಂತ್ರದಲ್ಲಿ ಇರುವುದೇನು? ಗೋಡೆಯ ಸಾಕೆಟ್ಟಿನಿಂದ 230 ವೋಲ್ಟಿನ ವಿದ್ಯುತ್ತು ಒಂದು ಪುಟ್ಟ ಕಪ್ಪು ಪೆಟ್ಟಿಗೆಗೆ ಬರುತ್ತದೆ. ಅಲ್ಲಿ ಅದು ಬಹುತೇಕ ಮಾದರಿಗಳಲ್ಲಿ 29 ವೋಲ್ಟಿನ ಡಿ.ಸಿ. ಆಗಿ ಇಳಿದು, ಕೈಗುಂಡಿಯ ಮೂಲಕ ಮೋಟಾರನ್ನು ಸೇರುತ್ತದೆ. ಮೋಟಾರು ಉದ್ದನೆಯ ತಿರುಪೊಂದನ್ನು ತಿರುಗಿಸುತ್ತದೆ. ತಿರುಪಿನ ಮೇಲಿನ ನಟ್ಟು ಮುಂದೆ ಸರಿದು ಕಾಲುಹಲಗೆಯನ್ನು ಎತ್ತುತ್ತದೆ. ಗುಂಡಿಯು ಪ್ರವಾಹದ ದಿಕ್ಕನ್ನು ಬದಲಿಸಿದರೆ ಮೋಟಾರು ಹಿಮ್ಮುಖವಾಗಿ ತಿರುಗುತ್ತದೆ. ಏಳನೆಯ ತರಗತಿಯಲ್ಲಿ ಸೆಲ್ಲು, ತಂತಿ, ಬಲ್ಬುಗಳಿಂದ ನೀವು ಕಟ್ಟಿದ ವಿದ್ಯುನ್ಮಂಡಲಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಬಲ್ಬು ಉರಿಯದಿದ್ದಾಗ, ಸೆಲ್ಲಿನ ಕಡೆಯಿಂದ ಒಂದೊಂದೇ ಸಂದಿಯನ್ನು ನೋಡುತ್ತ ಬನ್ನಿ ಎಂದು ಹೇಳುತ್ತಿದ್ದೆನಲ್ಲವೇ? ಕುರ್ಚಿಗೂ ಅದೇ ವಿಧಿ.

ಮೊದಲು ಅದೇ ಸಾಕೆಟ್ಟಿಗೆ ಮೇಜಿನ ದೀಪವನ್ನು ಹಾಕಿ ನೋಡಿ. ದೀಪ ಉರಿದರೆ ಕಪ್ಪು ಪೆಟ್ಟಿಗೆಯನ್ನು ಗಮನಿಸಿ. ಅನೇಕ ಪೆಟ್ಟಿಗೆಗಳಲ್ಲಿ ಒಂದು ಚಿಕ್ಕ ಸೂಚಕ ದೀಪವಿರುತ್ತದೆ. ಸಾಕೆಟ್ಟು ಸರಿಯಿದ್ದೂ ಅದು ಉರಿಯದಿದ್ದರೆ ದೋಷ ಪೆಟ್ಟಿಗೆಯದು ಅಥವಾ ಅದಕ್ಕೆ ಬರುವ ತಂತಿಯದು. ಅವಷ್ಟನ್ನೇ ಬದಲಿಸಿದರೆ ಸಾಕು. ಸೂಚಕ ಉರಿಯುತ್ತಿದ್ದರೆ ಪ್ಲಗ್ಗನ್ನು ಕಿತ್ತು, ಕುರ್ಚಿಯ ಕೆಳಗಿನ ಜೋಡಣೆಗಳನ್ನು ನೋಡಬೇಕು. ಕುರ್ಚಿ ಮುಂದೆ ಹಿಂದೆ ಆಡುವಾಗ, ಪೊರಕೆ ತಗಲಿದಾಗ, ಅವು ಜಗ್ಗಿ ಸಡಿಲವಾಗುತ್ತವೆ. ಕುರ್ಚಿ ಮೇಲೇಳುತ್ತದೆ, ಇಳಿಯುವುದಿಲ್ಲ ಎಂದಾದರೆ ಮೋಟಾರು ಸತ್ತಿಲ್ಲವೆಂದೇ ಅರ್ಥ. ಕೆಳಗೆ ಏನಾದರೂ ಅಡ್ಡ ಸಿಕ್ಕಿದೆಯೇ ಎಂದು ನೋಡಿ, ಆಮೇಲೆ ಗುಂಡಿಯನ್ನು ಸಂಶಯಿಸಿ. ಮೋಟಾರಿನ ಸದ್ದು ಬಂದರೂ ಕುರ್ಚಿ ಅಲುಗದಿದ್ದರೆ ಜೋಡಿಸುವ ಪಿನ್ನು ಕಳಚಿರಬಹುದು ಅಥವಾ ನಟ್ಟು ಸವೆದಿರಬಹುದು. ಮತ್ತೆ ಮತ್ತೆ ಏರಿಸಿ ಇಳಿಸಿದ ಮೇಲೆ ತಟ್ಟನೆ ನಿಂತಿತೇ? ಎಷ್ಟೋ ಮೋಟಾರುಗಳ ಚೀಟಿಯ ಮೇಲೆ 2 ನಿಮಿಷ ಕೆಲಸ, 18 ನಿಮಿಷ ವಿಶ್ರಾಂತಿ ಎಂದು ಬರೆದಿರುತ್ತದೆ. ಕಾದ ಮೋಟಾರು ಆರಲಿ.

ಕಳೆದ ವರ್ಷ ನಮ್ಮ ಷಡ್ಡಕರ ಮನೆಗೆ ಬಂದ ಅಂಗಡಿಯವನೊಬ್ಬ ಕುರ್ಚಿಯನ್ನು ಓರೆ ಮಾಡಿಯೂ ನೋಡದೆ ಹೊಸ ಮೋಟಾರಿಗೆ ಮುಂಗಡ ಕೇಳಿದ. ಆ ಸಂಜೆ ಅವರ ಮೊಮ್ಮಗಳು, ಎಂಟನೆಯ ತರಗತಿಯ ಹುಡುಗಿ, ಪ್ಲಗ್ ತೆಗೆದು ಕೆಳಗೆ ಬಗ್ಗಿ, ಕಳಚಿಕೊಂಡಿದ್ದ ತಂತಿಯ ತುದಿಯನ್ನು ಒತ್ತಿ ಕೂರಿಸಿದಳು. ಕುರ್ಚಿ ಇಂದಿಗೂ ನಡೆಯುತ್ತಿದೆ.

"ಸಾರ್, ವಯಸ್ಸಾದವರು ವಿದ್ಯುತ್ತಿನೊಡನೆ ಆಟವಾಡಬಹುದೇ?" ಎಂದು ನೀವು ಕೇಳುವಿರಿ. ಕೂಡದು. ಕಪ್ಪು ಪೆಟ್ಟಿಗೆಯನ್ನು ಯಾರೂ ಬಿಚ್ಚಬಾರದು. ಪ್ಲಗ್ ಕೀಳದೆ ಕುರ್ಚಿಯ ಕೆಳಗೆ ಕೈ ಹಾಕಬಾರದು. ಕುರ್ಚಿ ಇಳಿಯುವಾಗ ಮಗುವಾಗಲಿ ಬೆಕ್ಕಾಗಲಿ ಕೆಳಗೆ ಇರಬಾರದು. ಬಗ್ಗಲಾಗದವರು ನೆರೆಮನೆಯ ಹುಡುಗನನ್ನು ಕರೆಯಲಿ. ಆದರೆ ಎಲ್ಲಿ ನೋಡಬೇಕೆಂದು ಹೇಳುವ ತಿಳಿವಳಿಕೆ ಅವರಲ್ಲಿರಲಿ.

ಏಕೆಂದರೆ ಇದು ಬರಿಯ ದುಡ್ಡಿನ ಪ್ರಶ್ನೆಯಲ್ಲ. ಮಂಡಿಯ ಶಸ್ತ್ರಚಿಕಿತ್ಸೆಯಾದ ತಾಯಿಯೊಬ್ಬರು ಮನೆಯಲ್ಲಿ ಒಬ್ಬರೇ ಕಾಲು ಚಾಚಿ ಮಲಗಿರುವಾಗ ಕರೆಂಟು ಹೋದರೆ, ಎತ್ತಿದ ಕಾಲುಹಲಗೆಯನ್ನು ದಾಟಿ ಅವರು ಇಳಿಯುವುದು ಹೇಗೆ? ಕೆಲವು ಮಾದರಿಗಳಲ್ಲಿ ಕುರ್ಚಿಯನ್ನು ಒಮ್ಮೆ ಕೆಳಗಿಳಿಸಲೆಂದೇ ಎರಡು 9 ವೋಲ್ಟಿನ ಬ್ಯಾಟರಿಗಳಿಗೆ ಜಾಗವಿರುತ್ತದೆ. ನಿಮ್ಮ ಮನೆಯ ಕುರ್ಚಿಯಲ್ಲಿ ಅದಿದೆಯೇ? ಇದ್ದರೆ ಆ ಬ್ಯಾಟರಿಗಳನ್ನು ಬದಲಿಸಿ ಎಷ್ಟು ವರ್ಷವಾಯಿತು? ಇಲ್ಲದಿದ್ದರೆ ಕುರ್ಚಿಯನ್ನು ಯು.ಪಿ.ಎಸ್. ಇರುವ ಸಾಕೆಟ್ಟಿಗೆ ಜೋಡಿಸಿಕೊಡಿ. 29 ವೋಲ್ಟನ್ನು 2 ಆಂಪಿಯರಿನಿಂದ ಗುಣಿಸಿದರೆ 58 ವ್ಯಾಟ್. ಹೆಚ್ಚುಕಡಿಮೆ ಒಂದು ಸೀಲಿಂಗ್ ಫ್ಯಾನಿನ ಹೊರೆ. ಅಮೆರಿಕದಿಂದ ಕುರ್ಚಿ ಕಳಿಸುವವರು ಪೆಟ್ಟಿಗೆಯ ಚೀಟಿಯನ್ನು ಮೊದಲು ಓದಲಿ. ಅಲ್ಲಿನ 120 ವೋಲ್ಟಿಗೆ ಮಾತ್ರ ಮಾಡಿದ ಪೆಟ್ಟಿಗೆ ಇಲ್ಲಿ ಸುಟ್ಟುಹೋದೀತು.

ಮಾರುವವರಿಗೂ ನನ್ನದೊಂದು ಮಾತಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್ 24ರಂದು ದುರಸ್ತಿಯ ಹಕ್ಕಿಗೆಂದು ಒಂದು ಜಾಲತಾಣವನ್ನು ಆರಂಭಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ಸಾಧನ, ವಾಹನಗಳನ್ನು ಅದಕ್ಕೆ ಆರಿಸಿಕೊಂಡಿತ್ತು. ಬಿಡಿಭಾಗವನ್ನೂ ದುರಸ್ತಿಯ ಮಾಹಿತಿಯನ್ನೂ ಕೊಂಡವನಿಗೆ ಕೊಡಬೇಕೆಂಬ ಆ ತತ್ತ್ವ ನಮ್ಮ ಕುರ್ಚಿಗೂ ಸಲ್ಲಬೇಕು. ಹಣ ಕೊಡುವ ಮೊದಲೇ ಕೇಳಿ: ಪೆಟ್ಟಿಗೆ, ಗುಂಡಿ, ಮೋಟಾರು ಬಿಡಿಬಿಡಿಯಾಗಿ ಸಿಗುತ್ತವೆಯೇ? ಉತ್ತರವನ್ನು ಬರೆಸಿಕೊಳ್ಳಿ. ಕೊಟ್ಟ ಮಾತು ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಹಿಂದೆ ಆರಾಮ ಕುರ್ಚಿಯ ಬಟ್ಟೆ ಹರಿದರೆ ದರ್ಜಿಯ ಬಳಿ ಹೊಲಿಸುತ್ತಿದ್ದೆವು. ಅದಕ್ಕಾಗಿ ಕುರ್ಚಿಯನ್ನೇ ಎಸೆಯಲು ಯಾರೂ ಹೇಳುತ್ತಿರಲಿಲ್ಲ.

ನಿಮ್ಮಲ್ಲಿ ಅನೇಕರು ಈಗ ಇಂಜಿನಿಯರುಗಳು. ಈ ಸಲ ಊರಿಗೆ ಬಂದಾಗ ತಂದೆತಾಯಿಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕುರ್ಚಿಯನ್ನು ಓರೆ ಮಾಡಿ, ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ತೋರಿಸಿ. ಪೆಟ್ಟಿಗೆಯ ಮೇಲಿನ ಅಂಕಿಗಳನ್ನು ದಪ್ಪಕ್ಷರದಲ್ಲಿ ಒಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿ. ಅರ್ಧ ಗಂಟೆಯ ಕೆಲಸ. ಇದನ್ನು ನಿಮ್ಮ ಮನೆಗೆಲಸವೆಂದೇ ತಿಳಿಯಿರಿ.

ಇತಿ,
ನಿಮ್ಮ ಮೇಷ್ಟ್ರು