ಅಳತೆ ಕಲಿಸುವುದಕ್ಕಾಗಿ ಇರಲಿ

2023ರ ಜುಲೈ 11ರಿಂದ 14ರವರೆಗೆ ಬೆಂಗಳೂರಿನಲ್ಲಿ ಶೈಕ್ಷಣಿಕ ದತ್ತಾಂಶ ವಿಶ್ಲೇಷಣೆಯ 16ನೇ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2008ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಮೊದಲ ಬಾರಿಗೆ ಸೇರಿದ ಈ ವಿದ್ವತ್‌ಕೂಟದ ಚರ್ಚೆಗಳು ಸಾಮಾನ್ಯ ಓದುಗರಿಗೆ ದೂರದವು ಎನಿಸಬಹುದು. ಆದರೆ ಅವುಗಳ ಹಿಂದಿರುವ ಪ್ರಶ್ನೆ ಸರಳವಾದುದು. ಮಗು ಏನು ಕಲಿಯಿತು ಎಂದು ವರ್ಷದ ಕೊನೆಯಲ್ಲಿ ಕೇಳುವ ಬದಲು, ಕಲಿಯುತ್ತಿರುವಾಗಲೇ ಆ ಕಲಿಕೆ ಹೇಗೆ ಸಾಗಿದೆ ಎಂಬುದನ್ನು ಅಳೆಯಲು ಸಾಧ್ಯವೇ? ಅದೇ ವರ್ಷದ ಮಾರ್ಚಿನಲ್ಲಿ ನಮ್ಮ ರಾಜ್ಯ ಸರ್ಕಾರ 5 ಮತ್ತು 8ನೇ ತರಗತಿಗಳಿಗೆ ಬೋರ್ಡ್ ಮಟ್ಟದ ಪರೀಕ್ಷೆ ನಡೆಸುವ ಹಟದಲ್ಲಿ ಹೈಕೋರ್ಟಿನ ಮೆಟ್ಟಿಲೇರಿತ್ತು. ಒಂದೇ ಊರಿನಲ್ಲಿ, ಒಂದೇ ವಿಷಯದ ಮೇಲೆ, ನಾಲ್ಕು ತಿಂಗಳ ಅಂತರದಲ್ಲಿ ನಡೆದ ಈ ಎರಡು ಚರ್ಚೆಗಳಿಗೆ ಪರಸ್ಪರ ಸಂಬಂಧವೇ ಇರಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ.

ಆ ಸಂಬಂಧ ನನಗೆ ಕಂಡದ್ದು ಬೆಂಗಳೂರಿನಲ್ಲಲ್ಲ. ಸುಮಾರು ಮುನ್ನೂರು ಕಿಲೊಮೀಟರ್ ದೂರದ ಸಂಡೂರು ತಾಲ್ಲೂಕಿನ ಕುರೆಕುಪ್ಪದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ನೆರಳಿನಲ್ಲಿರುವ ಊರು ಅದು. ಮೂರನೇ ತರಗತಿಯ ಶಿಕ್ಷಕಿಯೊಬ್ಬರು ನನ್ನ ಮುಂದೆ ಎರಡು ಪುಸ್ತಕಗಳನ್ನಿಟ್ಟು, ‘ಇದು ಮೇಲಿನವರಿಗೆ ಸರ್, ಇದು ನನಗೆ’ ಎಂದರು. ಮೊದಲನೆಯದರಲ್ಲಿ ಅಚ್ಚುಕಟ್ಟಾಗಿ ತುಂಬಿದ ಅಂಕಗಳ ಕೋಷ್ಟಕವಿತ್ತು. ಎರಡನೆಯದು ಪೆನ್ಸಿಲಿನಲ್ಲಿ ಬರೆದ ಮಾಮೂಲಿ ನೋಟ್‌ಪುಸ್ತಕ. ಒಬ್ಬ ಹುಡುಗ 52ರಲ್ಲಿ 27 ಕಳೆದು 35 ಎಂದೂ, 64ರಲ್ಲಿ 38 ಕಳೆದು 34 ಎಂದೂ ಬರೆದಿದ್ದ. ಕೋಷ್ಟಕದಲ್ಲಿ ಅವನಿಗೆ ಸೊನ್ನೆ. ನೋಟ್‌ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಇದ್ದ ಟಿಪ್ಪಣಿ: ‘ಮೇಲೆ ಕೆಳಗೆ ನೋಡದೆ ದೊಡ್ಡ ಅಂಕಿಯಿಂದ ಚಿಕ್ಕ ಅಂಕಿ ಕಳೆಯುತ್ತಾನೆ. ಕಡ್ಡಿಕಟ್ಟು ಕೊಟ್ಟು ಮತ್ತೆ ಮಾಡಿಸಬೇಕು.’

ಆ ಹುಡುಗ ದಡ್ಡನಲ್ಲ, ಅಲಕ್ಷ್ಯದವನೂ ಅಲ್ಲ. ಅವನು ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾನೆ; ಆ ನಿಯಮ ತಪ್ಪು, ಅಷ್ಟೆ. 1978ರಲ್ಲಿ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ ಮಕ್ಕಳ ಕಳೆಯುವ ಲೆಕ್ಕಗಳ ತಪ್ಪುಗಳನ್ನು ವಿಂಗಡಿಸಿದಾಗ ಕಂಡುಕೊಂಡದ್ದು ಇದನ್ನೇ. 1995ರಲ್ಲಿ ಕಾರ್ಬೆಟ್ ಮತ್ತು ಆ್ಯಂಡರ್ಸನ್ ರೂಪಿಸಿದ ಗಣಿತ ಮಾದರಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಸರಿ ಉತ್ತರ ಬರೆದ ಮಗುವಿಗೆ ವಿಷಯ ಗೊತ್ತಿದೆ ಎಂದೇನೂ ಇಲ್ಲ, ಊಹಿಸಿರಬಹುದು. ತಪ್ಪು ಬರೆದ ಮಗುವಿಗೆ ಗೊತ್ತಿಲ್ಲ ಎಂದೂ ಇಲ್ಲ, ಕೈ ಜಾರಿರಬಹುದು. ಈ ಎರಡು ಸಾಧ್ಯತೆಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡು, ಪ್ರತಿ ಉತ್ತರದ ನಂತರ ಮಗುವಿನ ತಿಳಿವಳಿಕೆಯ ಅಂದಾಜನ್ನು ತಿದ್ದುತ್ತಾ ಹೋಗುವುದು ಆ ವಿಧಾನ. ಬೆಂಗಳೂರಿನಂಥ ಸಮ್ಮೇಳನಗಳಲ್ಲಿ ಮಂಡನೆಯಾಗುವ ಎಷ್ಟೋ ಸಂಶೋಧನೆಗಳ ಬೇರು ಅಲ್ಲಿದೆ. ಗಣಕಯಂತ್ರ ಮಾಡುವ ಈ ಕೆಲಸವನ್ನು ಒಳ್ಳೆಯ ಶಿಕ್ಷಕರು ಪೆನ್ಸಿಲಿನಲ್ಲಿ ಮೊದಲಿನಿಂದಲೂ ಮಾಡುತ್ತಾ ಬಂದಿದ್ದಾರೆ.

ಈ ವಿಚಾರದಲ್ಲಿ ಕರ್ನಾಟಕ ಹಿಂದೆ ಬಿದ್ದ ರಾಜ್ಯವೇನಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರಪ್ರದೇಶದ ಋಷಿ ವ್ಯಾಲಿಯ ಪ್ರೇರಣೆ ಹಾಗೂ ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ಯ ಜೀವಾಳವೇ ಇದು. ಪಠ್ಯವನ್ನು ಮೈಲಿಗಲ್ಲುಗಳ ಏಣಿಯಾಗಿ ಜೋಡಿಸಿ, ಪ್ರತಿ ಮಗುವೂ ತನ್ನ ವೇಗದಲ್ಲಿ ಏರಲು ಅಲ್ಲಿ ಅವಕಾಶವಿದೆ. ಶಿಕ್ಷಕರ ಪೂರ್ಣ ಸಹಾಯದಿಂದ ಆರಂಭಿಸಿ, ಗೆಳೆಯರ ಸಹಾಯದ ಮೂಲಕ ಸ್ವಕಲಿಕೆಯವರೆಗೆ ಐದು ತಟ್ಟೆಗಳಿವೆ. ಗೋಡೆಯ ಮೇಲಿನ ‘ಪ್ರಗತಿ ನೋಟ’ದಲ್ಲಿ ಯಾವ ಮಗು ಎಲ್ಲಿದೆ ಎಂಬುದು ಮಗುವಿಗೇ ಕಾಣುತ್ತದೆ. ಶಿಕ್ಷಕರೇ ಕುಳಿತು ರೂಪಿಸಿದ ಈ ಪದ್ಧತಿಯನ್ನು 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಮೊದಲೆರಡು ತರಗತಿಗಳಿಗೆ ವಿಸ್ತರಿಸಲಾಯಿತು. ಅದೇ 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಸೆಕ್ಷನ್ ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವನ್ನು ಕಡ್ಡಾಯಗೊಳಿಸಿತು. ಅಂದರೆ ಆಗುತ್ತಿರುವ ಕಲಿಕೆಯನ್ನು ಅಳೆಯಬೇಕೆಂಬುದು ನಮ್ಮಲ್ಲಿ ಕಾನೂನೂ ಹೌದು, ಅನುಭವವೂ ಹೌದು.

ಹಾಗಿದ್ದರೆ ಎಡವಿದ್ದೆಲ್ಲಿ? ಉತ್ತರದಲ್ಲಿ ನನ್ನ ಪಾಲೂ ಇದೆ. ಸೇವೆಯಲ್ಲಿದ್ದಾಗ ಪ್ರಗತಿ ಪರಿಶೀಲನಾ ಸಭೆಗಳಲ್ಲಿ ನಾನು ಶೇಕಡಾವಾರು ಕೇಳಿದವನು. ಎಷ್ಟು ಶಾಲೆಗಳ ದಾಖಲೆ ಪೂರ್ಣವಾಗಿದೆ, ಎಷ್ಟು ಬಾಕಿ ಇದೆ ಎಂದು ಕೇಳಿದ್ದೇನೆ. ಆ ಪೆನ್ಸಿಲ್ ಪುಸ್ತಕವನ್ನು ಎಂದೂ ಕೇಳಿದವನಲ್ಲ. ಕೇಳಿದ್ದು ಬೆಳೆಯುತ್ತದೆ, ಕೇಳದ್ದು ಒಣಗುತ್ತದೆ. ರೂಪಣಾತ್ಮಕ ಮೌಲ್ಯಮಾಪನವು ವರ್ಷಕ್ಕೆ ನಾಲ್ಕು ಸಣ್ಣ ಪರೀಕ್ಷೆಗಳಾಗಿ, ಸಂಕಲನಾತ್ಮಕ ಮೌಲ್ಯಮಾಪನವು ಎರಡು ದೊಡ್ಡ ಪರೀಕ್ಷೆಗಳಾಗಿ ಕುಗ್ಗಿದವು. ‘ನಿರಂತರ’ ಎಂಬ ಮಾತಿಗೆ ನಿರಂತರವಾಗಿ ನಮೂನೆ ತುಂಬುವುದು ಎಂಬ ಅರ್ಥ ಬಂದಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಇದು ಅಪರಿಚಿತವಲ್ಲ. ಒಂದು ಅಳತೆಯನ್ನೇ ಗುರಿಯಾಗಿ ಮಾಡಿದರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ತತ್ವ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿದೆ. ಬಳ್ಳಾರಿ ಜಿಲ್ಲೆಯವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಪರ್ಮಿಟ್ಟಿನಲ್ಲಿದ್ದ ತೂಕಕ್ಕೂ ಲಾರಿಯಲ್ಲಿ ಹೋದ ಅದಿರಿಗೂ ಇದ್ದ ಅಂತರವನ್ನು 2011ರ ಲೋಕಾಯುಕ್ತ ವರದಿ ಬಯಲಿಗಿಟ್ಟಿತು. ಪರೀಕ್ಷೆಯ ಕಥೆಯೂ ಬೇರೆಯಲ್ಲ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ 2023ರಲ್ಲಿ ಶೇ 83.89ರಷ್ಟು ಮಕ್ಕಳು ಉತ್ತೀರ್ಣರಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ, ಕೃಪಾಂಕವನ್ನು ಶೇ 20ಕ್ಕೆ ಏರಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಒಂದು ವರ್ಷದಲ್ಲಿ ಮಕ್ಕಳ ಬುದ್ಧಿ ಇಷ್ಟು ಕುಸಿದಿರಲಾರದು. ಹಿಂದಿನ ತಕ್ಕಡಿಯ ಮೇಲೆ ನಾವು ಇಟ್ಟಿದ್ದ ವಿಶ್ವಾಸವೇ ಹುಸಿಯಾಗಿತ್ತು.

ಇಷ್ಟಾದರೂ ಸರ್ಕಾರಗಳು ಹೊಸ ತಕ್ಕಡಿಗಳನ್ನೇ ಹುಡುಕುತ್ತಿವೆ. 2024ರ ಮಾರ್ಚಿನಲ್ಲಿ 5, 8 ಮತ್ತು 9ನೇ ತರಗತಿಗಳ ಬೋರ್ಡ್ ಪರೀಕ್ಷೆಗಳು ಆರಂಭವಾಗಿ, ನ್ಯಾಯಾಲಯದ ಆದೇಶದಿಂದ ನಡುವೆಯೇ ನಿಂತು, ಮತ್ತೆ ನಡೆದವು. ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೆ ತಡೆ ನೀಡಿತು. ಹತ್ತು ವರ್ಷದ ಮಕ್ಕಳು ನಾಳೆ ಪರೀಕ್ಷೆ ಇದೆಯೋ ಇಲ್ಲವೋ ಎಂದು ತಿಳಿಯದೆ ಕುಳಿತಿದ್ದ ಆ ದಿನಗಳಲ್ಲಿ ಯಾರ ಕಲಿಕೆಯೂ ಸುಧಾರಿಸಲಿಲ್ಲ.

ಸರ್ಕಾರಕ್ಕೆ ಲೆಕ್ಕ ಬೇಡವೇ ಎಂದು ಕೇಳಬಹುದು. ಖಂಡಿತ ಬೇಕು. ತೆರಿಗೆದಾರನ ಹಣ ಎಲ್ಲಿ ಹೋಯಿತು ಎಂದು ತಿಳಿಯುವುದು ಪ್ರಜಾಪ್ರಭುತ್ವದ ಹಕ್ಕು. ಅಂಕಪಟ್ಟಿಯನ್ನು ಕೇಳುವ ತಂದೆತಾಯಿಯರ ಆತಂಕವೂ ನ್ಯಾಯವಾದುದೇ. ಆದರೆ ಎರಡು ಅಗತ್ಯಗಳನ್ನು ಬೇರ್ಪಡಿಸಿ ನೋಡಬೇಕು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು. ರಾಜ್ಯದ ಸ್ಥಿತಿ ತಿಳಿಯಲು ಮಾದರಿ ಸಮೀಕ್ಷೆ ಸಾಕು. ಮಹಾಲನೋಬಿಸ್ ಅವರ ಕಾಲದಿಂದ ನಾವು ದೇಶದ ಕುಟುಂಬಗಳ ಖರ್ಚುವೆಚ್ಚವನ್ನು ಅಳೆದಿರುವುದು ಹಾಗೆಯೇ. ಅದಕ್ಕಾಗಿ ಪ್ರತಿ ಮಗುವನ್ನೂ ಬೋರ್ಡಿನ ಮುಂದೆ ನಿಲ್ಲಿಸಬೇಕಿಲ್ಲ. ಆದರೆ ಶಿಕ್ಷಕಿಗೆ ಒಂದು ಅಗುಳು ಸಾಲದು. ಅವರ ಮುಂದಿರುವ ಒಂದೊಂದು ಮಗುವೂ ಬೇರೆ. ಅವರ ಅಳತೆ ಮುಂದಿನ ಪಾಠಕ್ಕಾಗಿ, ಮೇಲಧಿಕಾರಿಗಾಗಿ ಅಲ್ಲ. ಅದಕ್ಕೆ ಅಂಕವನ್ನು ಸೇರಿಸಿದರೆ ಕೆಡುತ್ತದೆ ಎಂಬುದಕ್ಕೆ ಸಾಕ್ಷ್ಯವೂ ಇದೆ. ಇಸ್ರೇಲಿನ ಶಾಲೆಗಳಲ್ಲಿ ರೂತ್ ಬಟ್ಲರ್ ನಡೆಸಿ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದುವರಿದರು. ಟಿಪ್ಪಣಿಯ ಜೊತೆಗೆ ಅಂಕವನ್ನೂ ಪಡೆದವರಿಗೆ ಆ ಲಾಭ ಸಿಗಲಿಲ್ಲ. ಅಂಕ ಕಂಡೊಡನೆ ಮಗು ಟಿಪ್ಪಣಿಯನ್ನು ಓದುವುದಿಲ್ಲ, ನಾವೂ ಓದುತ್ತಿರಲಿಲ್ಲ.

ಯಂತ್ರವನ್ನು ತಿರಸ್ಕರಿಸಬೇಕೆಂಬುದು ನನ್ನ ವಾದವಲ್ಲ. ದೆಹಲಿಯಲ್ಲಿ ಪ್ರತಿ ಮಗುವಿನ ಮಟ್ಟಕ್ಕೆ ತಕ್ಕಂತೆ ಪಾಠ ಕೊಡುವ ತಂತ್ರಾಂಶವನ್ನು ಸಣ್ಣ ಗುಂಪುಗಳ ಬೋಧನೆಯೊಂದಿಗೆ ಬಳಸಿದ ಪ್ರಯೋಗವೊಂದು ಗಣಿತ ಮತ್ತು ಹಿಂದಿ ಎರಡರಲ್ಲೂ ಒಳ್ಳೆಯ ಫಲ ಕೊಟ್ಟಿತೆಂದು 2019ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿದೆ. ಆದರೆ ಕುರೆಕುಪ್ಪದಂಥ ಊರುಗಳಲ್ಲಿ ಕೆಲಸ ಅರಸಿ ಬಂದವರ ಮಕ್ಕಳ ಮನೆಮಾತು ತೆಲುಗು, ಉರ್ದು, ಲಂಬಾಣಿ, ಹಿಂದಿ ಹೀಗೆ ಹಲವು. ಮಗುವಿಗೆ ಲೆಕ್ಕ ತಿಳಿಯಲಿಲ್ಲವೋ, ಪ್ರಶ್ನೆಯ ಕನ್ನಡ ತಿಳಿಯಲಿಲ್ಲವೋ ಎಂಬುದನ್ನು ಪರದೆಯ ಮೇಲಿನ ಒಂದು ತಪ್ಪು ಉತ್ತರ ಹೇಳಲಾರದು. ಪಕ್ಕದಲ್ಲಿ ಕುಳಿತು ಅದರ ಮುಖ ನೋಡಿ ಕೇಳುವವರು ಬೇಕು.

ಅಂಥವರನ್ನು ಒದಗಿಸಲು ಹಣವಿಲ್ಲ ಎಂದು ಈ ಜಿಲ್ಲೆ ಹೇಳುವಂತಿಲ್ಲ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ನಿಧಿ ಬಂದಿದೆ; ಶಿಕ್ಷಣ ಅದರ ಆದ್ಯತಾ ಕ್ಷೇತ್ರಗಳಲ್ಲೊಂದು. ಆ ಹಣ ಕಟ್ಟಡ, ಪರದೆಗಳಿಗೆ ಹರಿಯುವುದು ಸುಲಭ, ಏಕೆಂದರೆ ಅವುಗಳನ್ನು ಉದ್ಘಾಟಿಸಬಹುದು. ಗಣಿಬಾಧಿತ ಗ್ರಾಮಗಳ ಕಿರಿಯ ತರಗತಿಗಳಿಗೆ ಮಕ್ಕಳ ಮನೆಮಾತು ಬಲ್ಲ ಸ್ಥಳೀಯ ಸಹಾಯಕರನ್ನು ನೇಮಿಸುವುದು ಮೊದಲ ಕೆಲಸವಾಗಲಿ. ಶಿಕ್ಷಕರ ದತ್ತಾಂಶ ತುಂಬುವ ಹೊರೆಯನ್ನು ಇಳಿಸಿ, ಉಳಿದ ಸಮಯವನ್ನು ಮಕ್ಕಳ ತಪ್ಪುಗಳನ್ನು ಗಮನಿಸಿ ಬರೆದಿಡಲು ಕೊಡುವುದು ಎರಡನೆಯದು. ಆ ಟಿಪ್ಪಣಿಗಳನ್ನು ಕ್ಲಸ್ಟರ್ ಸಭೆಗಳಲ್ಲಿ ಶಿಕ್ಷಕರು ತಮ್ಮೊಳಗೇ ಚರ್ಚಿಸಲಿ. ಅವು ಬಡ್ತಿಗಾಗಲೀ ನೋಟಿಸಿಗಾಗಲೀ ಆಧಾರವಾಗುವುದಿಲ್ಲವೆಂಬ ಲಿಖಿತ ಭರವಸೆ ಇರಲಿ. ಇಲಾಖೆಯ ಲೆಕ್ಕಕ್ಕೆ ವರ್ಷಕ್ಕೊಮ್ಮೆ ಮಾದರಿ ಸಮೀಕ್ಷೆ ನಡೆಯಲಿ.

ತೋರಣಗಲ್ಲಿನ ಊದುಕುಲುಮೆಯಲ್ಲಿ ಪ್ರತಿ ಬಾರಿ ಕಬ್ಬಿಣದ ರಸ ಹೊರಬಂದಾಗಲೂ ಅದರ ಶಾಖ ಮತ್ತು ಸಿಲಿಕಾನ್ ಅಂಶವನ್ನು ಪರೀಕ್ಷಿಸಿ, ಕುಲುಮೆಗೆ ಹಾಕುವ ಕೋಕ್‌ನ ಪ್ರಮಾಣವನ್ನು ಹೊಂದಿಸುತ್ತಾರೆ. ವರ್ಷದ ಕೊನೆಯಲ್ಲಿ ಉಕ್ಕನ್ನು ತೂಗಿ ನಪಾಸು ಮಾಡಲು ಯಾವ ಎಂಜಿನಿಯರೂ ಕಾಯುವುದಿಲ್ಲ. ಅದೇ ಊರಿನ ಮಕ್ಕಳಿಗೆ ಅಷ್ಟು ಎಚ್ಚರವನ್ನಾದರೂ ನಾವು ತೋರಬೇಕು. ನಾನು ನೋಡಿದ ಹುಡುಗ 52ರಲ್ಲಿ 27 ಕಳೆಯುವುದನ್ನು ಈಗಾಗಲೇ ಕಲಿತಿರಬಹುದು. ಕಲಿತಿದ್ದರೆ ಅದಕ್ಕೆ ಕಾರಣ ನಾವು ಕೇಳಿ ಪಡೆದ ಕೋಷ್ಟಕವಲ್ಲ. ಯಾರೂ ಕೇಳದಿದ್ದರೂ ಆ ಶಿಕ್ಷಕಿ ಇಟ್ಟುಕೊಂಡ ಪೆನ್ಸಿಲ್ ಪುಸ್ತಕ.