ದೆವ್ವದ ದಿಬ್ಬವೆ?

ಮಧ್ಯ ಏಷ್ಯವೆಂದೊಡನೆ ನಮ್ಮ ಸುಶಿಕ್ಷಿತರ ಕಣ್ಣೆದುರು ನಿಲ್ಲುವುದು ಕುದುರೆ, ಕತ್ತಿ, ತೈಮೂರ, ಬಾಬರ, ಅಷ್ಟೆ. ಅಲ್ಲಿಂದ ದಾಳಿಕೋರರಲ್ಲದೆ ಇನ್ನೇನೂ ಬರಲಿಲ್ಲ, ಇಲ್ಲಿಂದ ಅಲ್ಲಿಗೆ ಏನೂ ಹೋಗಲಿಲ್ಲ ಎಂಬ ಈ ತಿಳಿವಳಿಕೆಯನ್ನು ನಾನು ಒಪ್ಪಲಾರೆ.

ತಜಿಕಿಸ್ತಾನದ ದಕ್ಷಿಣದಲ್ಲಿ, ಹತ್ತಿ ಬೆಳೆಯುವ ವಖ್ಶ್ ಕಣಿವೆಯಲ್ಲಿ, ಅಜಿನಾ-ತೆಪೆ ಎಂಬ ಮಣ್ಣಿನ ದಿಬ್ಬವಿದೆ. ಹೆಸರಿನ ಅರ್ಥ ದೆವ್ವದ ದಿಬ್ಬ. 1961ರಲ್ಲಿ ಸೋವಿಯತ್ ವಿದ್ವಾಂಸರು ಅದನ್ನು ಅಗೆಯತೊಡಗಿದಾಗ ಹೊರಬಂದದ್ದು ದೆವ್ವವಲ್ಲ, ಏಳು-ಎಂಟನೆಯ ಶತಮಾನಗಳ ಬೌದ್ಧವಿಹಾರ! ಹಸಿ ಇಟ್ಟಿಗೆಯ ಗೋಡೆಗಳು. ಒಂದು ಅಂಗಳದ ಸುತ್ತ ಭಿಕ್ಷುಗಳ ಕೋಣೆಗಳು, ಇನ್ನೊಂದರ ನಡುವೆ ಸ್ತೂಪ. 1966ರಲ್ಲಿ ಸುಮಾರು 13 ಮೀಟರು ಉದ್ದದ, ಜೇಡಿಮಣ್ಣಿನ ಮಲಗಿದ ಬುದ್ಧನೂ ಸಿಕ್ಕಿದ. ತುಂಡುತುಂಡಾಗಿ ಸಾಗಿಸಿ ಜೋಡಿಸಿದ ಆ ಮೂರ್ತಿ 2001ರಲ್ಲಿ ದುಶಾಂಬೆಯ ವಸ್ತುಸಂಗ್ರಹಾಲಯದಲ್ಲಿ ಜನರ ದರ್ಶನಕ್ಕೆ ಬಂತು. ಬಾಮಿಯಾನದ ಬುದ್ಧರನ್ನು ಸಿಡಿಸಿದ್ದೂ ಅದೇ ವರ್ಷ.

‘ಪರದೇಶದ ಮಾತು ನಮಗೇಕೆ?’ ಎನ್ನುವವರುಂಟು. ಬುದ್ಧ ಪರದೇಶದವನೆ? ಇಲ್ಲಿ ಹುಟ್ಟಿದ ಧರ್ಮ ಭಿಕ್ಷುಗಳೂ ವರ್ತಕರೂ ನಡೆದ ಹಾದಿಯಲ್ಲೇ ಅಷ್ಟು ದೂರ ತಲುಪಿತು. ವಿಹಾರವನ್ನು ದೆವ್ವದ ದಿಬ್ಬವೆಂದ ಹಳ್ಳಿಗರನ್ನು ನಾನು ದೂರುವುದಿಲ್ಲ. ಅವರ ಪಾಲಿಗೆ ಅದು ಮಣ್ಣಿನಡಿ ಹೂತುಹೋಗಿತ್ತು. ಅಗೆದು ಬೆಳಕಿಗೆ ತಂದು ಅರವತ್ತು ವರ್ಷ ಕಳೆದರೂ ಆ ನಾಡನ್ನೇ ದೆವ್ವಗಳ ನಾಡೆಂದು ಮಕ್ಕಳಿಗೆ ಕಲಿಸುವ ನಮಗೆ ಯಾವ ನೆಪವಿದೆ?